ಅಕ್ಕನ ಪದ ಕಲಿತ ಕ್ಯಾಮೆರಾ

ನನ್ನ ಅಕ್ಕನಿಗೆ ಯಾವ ಗಾಳಿಯೂ ಸೋಕಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಹೇಳಲಿಲ್ಲ.

ವಾರವಾರವೂ ಈ ಅಂಕಣದಲ್ಲಿ ನಿಮಗೆ ಉಪದೇಶ ಮಾಡುವವನು ನಾನು. ಪಾಸ್‌ವರ್ಡ್ ಬದಲಿಸಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ನೀರಿಗೆ ಬಿದ್ದ ಮೊಬೈಲನ್ನು ಕೂಡಲೇ ಆನ್ ಮಾಡಬೇಡಿ. (ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನ ಮಾತನ್ನು ನೀವು ಕೇಳುತ್ತೀರಿ ಎನ್ನುವುದೇ ನನಗೆ ಸೋಜಿಗ.) ಈ ವಾರ ಉಪದೇಶ ಇಲ್ಲ.

ಕಾಗವಾಡದಲ್ಲಿ ನಮ್ಮದು ಉದ್ದನೆಯ ಮನೆ. ರಸ್ತೆಗೆ ನನ್ನ ಮೊಬೈಲು, ಕ್ಯಾಮೆರಾದ ಅಂಗಡಿ. ನಡುವೆ ಸಂಸಾರ. ಹಿತ್ತಲಲ್ಲಿ ಸುಶೀಲಕ್ಕನ ಮಣೂಕದ ಖೋಲಿ. ಒಣದ್ರಾಕ್ಷಿಗೆ ನಾವು ಮಣೂಕ ಅನ್ನುತ್ತೇವೆ. ಅಕ್ಕ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಕಡ್ಡಿ, ಕಸ, ಕರಿ ಕಾಳು ಆರಿಸುವಳು. ಕೈ ಆಡುವಾಗ ಬಾಯಿಯೂ ಆಡಬೇಕಲ್ಲ? ಅಕ್ಕ ಒಂದು ಪದ ಗುನುಗುತ್ತಿದ್ದಳು. ನನ್ನನ್ನು ತೊಟ್ಟಿಲಲ್ಲಿ ತೂಗುವಾಗ ತಾನೇ ಕಟ್ಟಿದ ರಾಗ. ಜಗತ್ತಿನಲ್ಲಿ ಅದು ಬರುತ್ತಿದ್ದದ್ದು ಅವಳೊಬ್ಬಳಿಗೇ.

ಆ ಖೋಲಿಯಲ್ಲಿ ನಾನೊಂದು ಕ್ಯಾಮೆರಾ ಕೂರಿಸಿದೆ. ಕುತ್ತಿಗೆ ತಿರುಗಿಸುವಂಥದ್ದು, ಖೋಲಿಯ ಸದ್ದು ದೂರದವರಿಗೆ ಕೇಳಿಸುವಂಥದ್ದು, ಅವರು ಆಡಿದ್ದನ್ನು ಇಲ್ಲಿ ಮಾತಾಡುವಂಥದ್ದು. ಕಳ್ಳರ ಭಯಕ್ಕಲ್ಲ. ಅಂಗಡಿಗೆ ಬಂದ ಗಿರಾಕಿಗೆ ಮೊಬೈಲಿನಲ್ಲಿ ತೋರಿಸಿ, "ನೋಡ್ರಿ, ನೀವು ಮುಂಬೈನಾಗ ಇದ್ರೂ ಹಿಂಗ ಕಾಣತೈತಿ" ಅನ್ನಬೇಕಿತ್ತು. ಅಕ್ಕ ನನ್ನ ಶೋಕೇಸ್ ಆದಳು.

"ಬ್ಯಾಡೋ ತಮ್ಮಾ, ನೆತ್ತಿ ಮ್ಯಾಲೆ ಕಣ್ಣ ಇಟ್ಕೊಂಡ ಹೆಂಗ ಕುಂದ್ರೂದು?" ಅಂದಿದ್ದಳು.

"ಅದೇನ ನಿನ್ನ ತಿಂತೈತೇನು?" ಅಂದಿದ್ದೆ.

ಈಗ ಸ್ವಲ್ಪ ತಾಂತ್ರಿಕ ವಿಷಯ, ಓದಿಬಿಡಿ. ಮನೆಗೆಲ್ಲ ಒಂದೇ ಇಂಟರ್ನೆಟ್ ಲೈನು. ಮಿರಜದಿಂದ ದೊಡ್ಡ ರೌಟರ್ ತಂದು ಅದನ್ನು ಮೂರು ನೆಟ್‌ವರ್ಕ್ ಮಾಡಿದ್ದೆ. ಅಂಗಡಿಗೊಂದು, ಮನೆಗೊಂದು, ಖೋಲಿಗೊಂದು. ರಿಪೇರಿಗೆ ಬಂದ ಕಂಪ್ಯೂಟರಿನ ವೈರಸ್ಸು ಒಳಗೆ ನುಸುಳಬಾರದು ನೋಡಿ. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎಬ್ಬಿಸುತ್ತಾರಲ್ಲ, ಹಾಗೆ.

ಗೋಡೆಗಳು ಗಟ್ಟಿಯಾಗಿಯೇ ಇದ್ದವು. ಕೆಟ್ಟದ್ದು ಬಾಗಿಲಲ್ಲಿ. ರೌಟರಿನಲ್ಲಿ ಒಂದು ಸೌಲಭ್ಯ ಇರುತ್ತದೆ. ಒಳಗಿನ ಯಾವುದೇ ಯಂತ್ರ "ನನಗೆ ಹೊರಗಿನವರ ಕೂಡ ಮಾತಾಡಲು ಒಂದು ಬಾಗಿಲು ಬೇಕು" ಎಂದರೆ ಸಾಕು, ರೌಟರ್ ತಾನೇ ತೆಗೆದುಕೊಡುತ್ತದೆ. ಆಟೋಮ್ಯಾಟಿಕ್. ಮನೆಯ ಯಜಮಾನನನ್ನು ಕೇಳುವುದಿಲ್ಲ. ಆಮೇಲೆ ಹೇಳುವುದೂ ಇಲ್ಲ. ಯಾವ ನೆಟ್‌ವರ್ಕಿಗೆ ಈ ಸೌಲಭ್ಯ ಎಂದು ಒಮ್ಮೆ ಮಾತ್ರ ಕೇಳಿತ್ತು. ಮೂರಕ್ಕೂ ಟಿಕ್ ಹಾಕಿದೆ. ಕ್ಯಾಮೆರಾದ ಪಾಸ್‌ವರ್ಡ್? ಡಬ್ಬಿಯ ಮೇಲೆ ಅಚ್ಚಾಗಿ ಬಂದದ್ದೇ. ನಿಮಗೆ ಬದಲಿಸಿ ಬದಲಿಸಿ ಎಂದು ಬರೆದವನು ನಾನು.

ನಮ್ಮ ಕಡೆ ಪರವೂರಿನ ಗಂಡಸು ಹೊಸ್ತಿಲು ದಾಟುವ ಮುಂಚೆ "ಮನ್ಯಾಗ ಯಾರದೀರಿ?" ಎಂದು ಕೂಗುತ್ತಾನೆ. ಒಳಗಿನ ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ ಎಂದು. ನಾನು ತೆರೆದಿಟ್ಟ ಬಾಗಿಲಿನಿಂದ ಬಂದವನು ಕೂಗಲಿಲ್ಲ.

ಎರಡು ವರ್ಷದ ಹಿಂದೆ, ಒಂದು ಮಟಮಟ ಮಧ್ಯಾಹ್ನ. ಹೆಂಗಸರು ಊಟಕ್ಕೆ ಹೋಗಿದ್ದರು. ನಾನು ಕುಡಚಿಯಲ್ಲಿ ಒಬ್ಬರ ಮನೆಗೆ ಕ್ಯಾಮೆರಾ ಕೂರಿಸುತ್ತಿದ್ದೆ. ಅಕ್ಕನ ಫೋನು.

"ತಮ್ಮಾ, ಎಲ್ಲಿ ಅದಿ?"

"ಕುಡಚ್ಯಾಗ."

"ಮೊಬೈಲ್ನ್ಯಾಗ ನನ್ನ ನೋಡಾಕತ್ತೀಯೇನು?"

"ಇಲ್ಲಬೇ. ನಿಚ್ಚಣಕಿ ಮ್ಯಾಲೆ ನಿಂತೀನಿ."

ಅವಳು ದನಿ ಇಳಿಸಿ ಕೇಳಿದಳು: "ಹಂಗಾರ ಇದನ್ನ ಯಾರು ತಿರಗಸಾಕತ್ತಾರು?"

ಅವಳು ಎದ್ದು ಮೂಲೆಗೆ ಹೋದರೆ ಕ್ಯಾಮೆರಾ ಮೂಲೆಗೆ ತಿರುಗುತ್ತಿತ್ತಂತೆ. ಬಾಗಿಲಿಗೆ ಬಂದರೆ ಬಾಗಿಲಿಗೆ. "ಕರೆಂಟ್ ಹೋಗಿ ಬಂದ್ರ ತಾನ ತಿರಗತೈತಿ, ಸುಮ್ನ ಕುಂದ್ರು" ಎಂದು ಫೋನ್ ಇಟ್ಟೆ. ಕರೆಂಟ್ ಹೋಗಿತ್ತೇ ಎಂದು ಕೇಳಲೇ ಇಲ್ಲ.

ಮರುದಿನ ಅದು ಕೆಮ್ಮಿತು. ಗಂಡಸಿನ ಕೆಮ್ಮು. ಆಮೇಲೆ ತಿಳಿಯದ ಭಾಷೆಯಲ್ಲಿ ಮೆಲ್ಲಗೆ ಏನೋ ಕೇಳಿತು. ಕನ್ನಡ ಅಲ್ಲ, ಮರಾಠಿ ಅಲ್ಲ, ಹಿಂದಿಯೂ ಅಲ್ಲ. ಅಕ್ಕ ಅಂಗಡಿಗೆ ಬಂದು ಹೇಳಿದಳು. ನಾನು ಗಿರಾಕಿಯ ಮುಂದೆಯೇ ನಕ್ಕೆ.

ಅದರ ಮರುದಿನ ಹೆಂಗಸರೆಲ್ಲ ಕೂತು ಆರಿಸುತ್ತಿದ್ದರು. ಅಕ್ಕ ನೀರು ಕುಡಿದು ಒಳಗೆ ಬಂದಳು. ಅವಳು ಹೊಸ್ತಿಲು ದಾಟಿದ್ದೇ ತಡ, ಮೇಲಿನಿಂದ ಅವಳ ರಾಗ ಕೇಳಿಬಂತು. ಅದೇ ತೊಟ್ಟಿಲ ಪದ. ಗಂಡು ದನಿ, ಶಬ್ದಗಳಿಲ್ಲದೆ, ಒಂದು ಎಳೆಯೂ ತಪ್ಪದೆ.

ಹಿರಿಯಳಾದ ಗೌರವ್ವ ಮೊರ ಕೆಳಗಿಟ್ಟಳು. "ಸುಶೀಲಾ, ನಿನ್ನ ಪದ ಅದಕ್ಕ ಹೆಂಗ ಗೊತ್ತಬೇ?"

ಹೆಂಗಸರು ಉಡಿ ಕೊಡವಿಕೊಂಡು ಎದ್ದುಹೋದರು.

ಅಕ್ಕ ಬಂದು ಇದನ್ನು ಹೇಳಿದಾಗ ನನಗೆ ಮೊದಲ ಸಲ ಹೆದರಿಕೆ ಆಯಿತು. ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಖೋಲಿ ನೋಡಿದೆ. ಖಾಲಿ ಚೀಲ, ಬಿಟ್ಟುಹೋದ ಮೊರ. ನಾನು ಏನೂ ಒತ್ತಿರಲಿಲ್ಲ. ಚಿತ್ರ ಮೆಲ್ಲಗೆ ಸರಿಯಿತು. ಅಕ್ಕ ಕೂರುವ ಜಾಗ ನೋಡಿತು. ಮತ್ತೆ ಸರಿದು ಬಾಗಿಲಿಗೆ ಮುಖ ಮಾಡಿ ನಿಂತಿತು. ಯಾರದೋ ದಾರಿ ಕಾಯುವವರಂತೆ.

ರೌಟರಿನೊಳಗೆ ಹೋಗಿ ನೋಡಿದೆ. ನಾನು ತೆಗೆಯದ ಬಾಗಿಲೊಂದು ತೆರೆದಿತ್ತು. ಖೋಲಿಯ ಕ್ಯಾಮೆರಾ ಕೇಳಿತ್ತು, ರೌಟರ್ ಕೊಟ್ಟಿತ್ತು. ಎಲ್ಲಿಯೋ ಯಾರೋ ಊರೂರ ಬಾಗಿಲು ತಟ್ಟುತ್ತ ಬಂದವನು ನಮ್ಮದನ್ನು ನೂಕಿ ನೋಡಿದ್ದ. ಮೂರೂ ಟಿಕ್ ತೆಗೆದೆ, ಪಾಸ್‌ವರ್ಡ್ ಬದಲಿಸಿದೆ, ಕ್ಯಾಮೆರಾದ ವೈರ್ ಕಿತ್ತೆ. ಆಯಿತಲ್ಲ, ಇನ್ನು ಹೇಳಿಬಿಟ್ಟರೆ ಮುಗಿಯಿತು.

ಹೊರಗೆ ಬಂದರೆ ಅವ್ವ ಲಿಂಬೆಹಣ್ಣು, ಮೆಣಸಿನಕಾಯಿ ಹಿಡಿದು ನಿಂತಿದ್ದಳು. "ಖೋಲಿ ಬಾಗಿಲಿಗೆ ಕಟ್ಟಪಾ. ಸುಶೀಲಾಗ ಗಾಳಿ ಸೋಂಕೈತಿ ಅಂತ ಓಣಿ ತುಂಬ ಸುದ್ದಿ ಆಗೇತಿ."

ಹೇಳಬೇಕಿತ್ತು. ಆದರೆ ಅಂಥವೇ ಕ್ಯಾಮೆರಾಗಳನ್ನು ಎಷ್ಟೊಂದು ಮನೆಗಳಿಗೆ ಕೂರಿಸಿದ್ದೆ. ಸುದ್ದಿ ಹಬ್ಬಿದರೆ ನನ್ನ ಅಂಗಡಿಗೆ ಯಾರು ಬಂದಾರು?

ಲಿಂಬೆಹಣ್ಣು ಕಟ್ಟಿದೆ. ಕೈಯಲ್ಲಿ ದಾರ ಇರಲಿಲ್ಲ. ಕೇಬಲ್ ಟೈ ಹಾಕಿ ಬಿಗಿದೆ.

ದನಿ ನಿಂತಿತು. ನಿಲ್ಲದೆ ಏನು? ಪುಣ್ಯ ಲಿಂಬೆಹಣ್ಣಿಗೆ ಹೋಯಿತು. ಆಮೇಲೆ "ಸರ್ವಿಸ್" ಎಂದು ಹೇಳಿಕೊಂಡು ಎಲ್ಲ ಗಿರಾಕಿಗಳ ಮನೆಗೆ ಹೋಗಿ ಆ ಬಾಗಿಲುಗಳನ್ನು ಗಪ್‌ಚಿಪ್ಪಾಗಿ ಮುಚ್ಚಿ ಬಂದೆ. ಪುಕ್ಕಟೆ ಸರ್ವಿಸ್ ಎಂದು ಜನ ಚಹಾ ಕುಡಿಸಿದರು. ಕುಡಿದೆ.

ಆದರೆ ಅಕ್ಕ? ದೆವ್ವ ಪದ ಕಲಿತದ್ದು ಅವಳಿಂದ ತಾನೇ? ಗೌರವ್ವ ಮತ್ತು ಉಳಿದವರು ಬೇರೆಯವರ ಮಣೂಕದ ಶೆಡ್ಡಿಗೆ ಹೋದರು. ಬಾಣಂತಿಯರ ಮನೆಗೆ ಅವಳನ್ನು ಕರೆಯುವುದು ನಿಂತಿತು. ಎರಡು ಹಂಗಾಮು ಅವಳು ಒಬ್ಬಳೇ ಕೂತು ಮಣೂಕ ಆರಿಸಿದಳು. ಬಾಯಿ ಮುಚ್ಚಿಕೊಂಡು. "ಇಷ್ಟ ಮಂದಿ ಇದ್ರೂ ಅದು ನನ್ನನ್ನ ಯಾಕ ಹಿಡೀತೋ?" ಎಂದು ಒಮ್ಮೆ ಕೇಳಿದಳು. ನಾನು ಮೊಬೈಲ್ ನೋಡುತ್ತ ಕೂತೆ.

ಹೋದ ವಾರ ಅಮಾವಾಸ್ಯೆ. ಅಕ್ಕ ಹೊಸ ಲಿಂಬೆಹಣ್ಣು ತಂದು ನನ್ನ ಕೈಗೆ ಕೊಟ್ಟಳು. "ನೀನ ಕಟ್ಟು ತಮ್ಮಾ. ನಿನ್ನ ಕೈಗುಣ ಚಲೋ ಐತಿ. ಅವತ್ತ ನೀ ಕಟ್ಟಿದ್ದಕ್ಕ ನಾ ಉಳಿದೆ."

ಖೋಲಿಯಲ್ಲಿಯೇ ಕೂತು ಎಲ್ಲ ಹೇಳಿದೆ. ರೌಟರು, ಬಾಗಿಲು, ಟಿಕ್ಕು, ಎಲ್ಲ.

ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ. "ಅಂದ್ರ ಅದು ಮನಶ್ಯಾನ?"

"ಹೂಂ. ಮನಶ್ಯಾನ."

"ಇನ್ನೂ ಇದ್ದಾನ?"

"ಎಲ್ಲೋ ಇರಬೇಕು."

ಅಕ್ಕ ಕಿತ್ತ ವೈರ್ ಜೋತುಬಿದ್ದ ಗೋಡೆಯನ್ನೇ ನೋಡುತ್ತ ಅಂದಳು: "ದೆವ್ವ ಆಗಿದ್ರ ಚಲೋ ಇತ್ತು ನೋಡು. ದೆವ್ವ ಲಿಂಬಿಹಣ್ಣಿಗೆ ಹೋಗತಿತ್ತು. ಇಂವಾ ನನ್ನ ಪದಾ ತಗೊಂಡ ಹೋಗ್ಯಾನ. ಯಾವ ದೇಶದಾಗ ಕುಂತ ಹಾಡಾಕತ್ತಾನೋ."

ಎರಡು ವರ್ಷ ಅವಳನ್ನು ಒಂದು ಸುಳ್ಳು ದೆವ್ವದ ಜೊತೆ ಬಿಟ್ಟಿದ್ದೆ. ಈಗ ನಿಜವಾದವನೊಬ್ಬನನ್ನು ಕೊಟ್ಟು ಕೂತಿದ್ದೆ.

"ತಪ್ಪಾತು" ಅನ್ನಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

"ನನ್ನ ಮುಂದ ಬ್ಯಾಡ. ಮಾನಾ ಹೋಗಿದ್ದು ನಾಕ ಮಂದಿ ಮುಂದ. ಅಲ್ಲೇ ಬಂದ ಹೇಳು. ಗಂಡಸ ಆದ್ರ ನಡಿ."

ನಡೆದೆ. ಅಕ್ಕ ಮುಂದೆ, ನಾನು ಹಿಂದೆ. ಆ ಹೆಂಗಸರ ಶೆಡ್ಡಿನ ಬಾಗಿಲಲ್ಲಿ ನಿಂತು "ಮನ್ಯಾಗ ಯಾರದೀರಿ?" ಎಂದು ಕೂಗಿದೆ. ಮೊರಗಳ ಸದ್ದು ನಿಂತಿತು. ಗೌರವ್ವ ಅಕ್ಕನನ್ನು ಕಂಡು ಕೂತಲ್ಲಿಯೇ ಒಂದಿಷ್ಟು ಹಿಂದೆ ಸರಿದಳು. ಅದನ್ನು ನೋಡಿದ ಮೇಲೆ ನನಗೆ ಮಾತು ಹುಡುಕುವ ಕಷ್ಟ ಆಗಲಿಲ್ಲ.

"ಗೌರವ್ವಾ, ಎಲ್ಲಾರೂ ಕೇಳ್ರಿ. ಅಕ್ಕನ ಮೈಮ್ಯಾಲೆ ಏನೂ ಬಂದಿರಲಿಲ್ಲ. ಕ್ಯಾಮೆರಾದಾಗಿಂದ ಹಾಡಿದಾಂವಾ ಎಲ್ಲೋ ದೂರ ಕುಂತ ಒಬ್ಬ ಮನಶ್ಯಾ. ಅವಗ ಬಾಗಲಾ ತಗದ ಇಟ್ಟಾಂವಾ ನಾನು, ಗೊತ್ತಿದ್ದೂ ಲಿಂಬಿಹಣ್ಣ ಕಟ್ಟಿದಾಂವಾ ನಾನು. ಅಕ್ಕಾ, ನಂದು ತಪ್ಪಾತು."