ರಾಜನ ಕೆನ್ನೆಯ ಕಲೆ

ನಾನು ಓದಲು ಹೋಗುವ ಕ್ಯೋಟೋದ ಚಿತ್ರಸಂಗ್ರಹದಲ್ಲಿ ಪೆನ್ನು ಬಳಸುವಂತಿಲ್ಲ. ಮೇಜಿನ ಮೇಲೆ ಪೆನ್ಸಿಲು, ರಬ್ಬರು ಇಟ್ಟಿರುತ್ತಾರೆ. ಮೊನ್ನೆ ಆ ಹೊಸ ರಬ್ಬರಿನ ಸಿಹಿ ವಾಸನೆ ಮೂಗಿಗೆ ತಾಗಿದ್ದೇ ತಡ, ನಗೋಯಾದ ನಮ್ಮ ಮೂರನೇ ಮಹಡಿಯ ಮನೆ ಕಣ್ಣೆದುರು ಬಂತು: ಚಾಪೆಯ ಕೋಣೆ, ಅಮ್ಮನ ಒಗ್ಗರಣೆ, ಕಾರಿನ ಕಾರ್ಖಾನೆಯಿಂದ ಬಂದ ಅಪ್ಪನ ಅಂಗಿಯ ಎಣ್ಣೆ ಘಾಟು, ಗೋಡೆಯ ಮೇಲೆ ನಮ್ಮ ರಾಜ. ಆ ಕಟ್ಟಡವೂ ಈಗಿಲ್ಲ, ಅಪ್ಪನೂ ಇಲ್ಲ.

ಯುರೋಪಿನ ಯಾವುದೋ ಹಳೇ ಕಾಲದ ರಾಜ. ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚೊತ್ತಿದ ಚಿತ್ರ. ಅಪ್ಪ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡಿದ್ದರು. ಮೈತುಂಬ ಉಕ್ಕಿನ ಕವಚ, ಕೈಯಲ್ಲಿ ದಂಡ, ಹಿಂದೆ ಕಂಬ, ಜೋಲುಬಿದ್ದ ಪರದೆ. ಕಿರೀಟ ಮಾತ್ರ ಪಕ್ಕದ ಮೇಜಿನ ದಿಂಬಿನ ಮೇಲೆ. ತಲೆ ಮೇಲೆ ಯಾಕಿಲ್ಲ ಎಂದರೆ ಅಪ್ಪ, "ತನ್ನದೇ ಅಂತ ಗೊತ್ತಿರೋನು ಯಾವಾಗ್ಲೂ ಹೊತ್ಕೊಂಡಿರಬೇಕಾಗಿಲ್ಲ ಪುಟ್ಟಿ" ಎನ್ನುತ್ತಿದ್ದರು. ಇಷ್ಟೆಲ್ಲ ದರ್ಬಾರಿದ್ದೂ ಮೀಸೆಯೊಂದಿಲ್ಲವಲ್ಲ ಎಂಬುದೇ ನನ್ನ ಕೊರಗು. ಎಂಟು ವರ್ಷದವಳಿದ್ದಾಗ, ಗಾಜು ಒರೆಸಲು ಚೌಕಟ್ಟು ಬಿಚ್ಚಿಟ್ಟಿದ್ದ ಒಂದು ಭಾನುವಾರ, ಪೆನ್ಸಿಲಿನಿಂದ ಅಪ್ಪನ ಮೀಸೆಯನ್ನೇ ರಾಜನಿಗೆ ಬರೆದೆ. ಬರೆದ ಮೇಲೆ ಹೆದರಿ ರಬ್ಬರಿನಿಂದ ಉಜ್ಜಿದೆ. ಮೀಸೆ ಹೋಯಿತು, ಆದರೆ ಕೆನ್ನೆಯ ಸುತ್ತ ಬೂದು ಕಲೆಯೊಂದು ಕಣ್ಣಿಗೆ ಬಿತ್ತು. ಅಪ್ಪ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಮತ್ತೆ ಚೌಕಟ್ಟಿಗೆ ಸೇರಿಸಿ ಗೋಡೆಗೆ ತೂಗುಹಾಕಿದರು. ಮರುವಾರ ರಾಜ ಗೋಡೆಯಿಂದಿಳಿದು ಬೀರು ಸೇರಿದ. ಹಾಳು ಮಾಡಿದ್ದು ನಾನೇ ಎಂದು ಹೇಳಲು ಅಪ್ಪ ಹೋಗುವವರೆಗೂ ಬಾಯಿ ಬರಲಿಲ್ಲ. ಆಮೇಲೆ ನನ್ನ ಪಾಲಿಗೆ ಬಂದ ಆ ಚಿತ್ರದ ಕಟ್ಟನ್ನೂ ಬಿಚ್ಚಲಿಲ್ಲ. ನಿಮ್ಮೊಳಗೂ ಇಂಥ ಮುಳ್ಳೊಂದಿದ್ದರೆ, ಅದು ಎಷ್ಟು ಹಳತಾದರೂ ಚುಚ್ಚುತ್ತದೆಂದು ನಿಮಗೆ ಗೊತ್ತು.

ಮೊನ್ನೆ, ಸಂಗ್ರಹ ನೋಡಿಕೊಳ್ಳುವ ಮೋರಿ-ಸಾನ್ ನಾನು ಕೇಳಿದ್ದ ರಾಜರ ಚಿತ್ರಗಳಲ್ಲಿ ಎರಡನ್ನು ತಂದಿಟ್ಟರು. ಅದೇ ಕವಚ, ಅದೇ ದಂಡ, ದಿಂಬಿನ ಮೇಲೆ ಅದೇ ಕಿರೀಟ. ಒಂದರಲ್ಲಿ ಯಾರದೋ ಮುಖ. ಇನ್ನೊಂದರಲ್ಲಿ ನಮ್ಮ ರಾಜ, ಕೆನ್ನೆಯ ಸುತ್ತ ಅದೇ ಬೂದು ಕಲೆ. ಮೋರಿ-ಸಾನ್ ವಿವರಿಸಿದರು: ಒಬ್ಬ ರಾಜ ಹೋದರೆ ಕೆತ್ತುವವರು ತಗಡಿನಲ್ಲಿ ಅವನ ಮುಖವನ್ನಷ್ಟೇ ಹೆರೆದು ಹೊಸಬನನ್ನು ಕೂರಿಸುತ್ತಿದ್ದರಂತೆ. ಕೆನ್ನೆಯ ಮೇಲೆ ಇಳಿಬಿದ್ದಿದ್ದ ಹಳಬನ ಕೂದಲಿನ ಗುರುತು ಹಾಗೇ ಬೂದಾಗಿ ಉಳಿದುಬಿಡುತ್ತದಂತೆ. ಕಲೆ ನನ್ನದಲ್ಲ. ನಾನು ಉಸಿರು ಬಿಟ್ಟ ರಭಸಕ್ಕೆ ಮೋರಿ-ಸಾನ್ ತಲೆಯೆತ್ತಿದರು. "ಸುಮಿಮಾಸೆನ್" ಎಂದು ಕ್ಷಮೆ ಕೇಳಿದೆ.

ಬಸ್ ನಿಲ್ದಾಣದಿಂದಲೇ ಅಮ್ಮನಿಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ. ಅಮ್ಮ ನಕ್ಕಳು. "ಅಯ್ಯೋ, ಗೋಡೆಗೆ ತೇವ ಹತ್ತಿತ್ತು ಕಣೆ, ಅದಕ್ಕೇ ಒಳಗಿಟ್ಟಿದ್ದು. ಮೀಸೆ ವಿಷಯ ಅಪ್ಪಂಗೆ ಅವತ್ತೇ ಗೊತ್ತಾಗಿತ್ತು. ನೀನು ಪೆನ್ಸಿಲ್ ಒತ್ತಿದ ಗೀರು ಬೆಳಕಲ್ಲಿ ಕಾಣ್ತಿತ್ತು. ನನ್ನ ಮೀಸೇನೇ ನೋಡು ಅಂತ ನಂಗೂ ತೋರಿಸಿದ್ರು."

"ಕೋಪ ಬರಲಿಲ್ವಾ?"

"ಬೇಜಾರಾಯ್ತು ಅವರಿಗೆ, ಯಾಕೆ ಅಳಿಸಿಬಿಟ್ಳು ಅಂತ."

ಮನೆಗೆ ಬಂದು ಕಟ್ಟು ಬಿಚ್ಚಿ ಚಿತ್ರವನ್ನು ಕಿಟಕಿಗೆ ಓರೆಯಾಗಿ ಹಿಡಿದೆ. ರಾಜನ ತುಟಿಯ ಮೇಲೆ ಅಪ್ಪನ ಮೀಸೆ ಹಾಗೇ ಇತ್ತು.