ಅಪ್ಪನ ತೊಡಿ ಮ್ಯಾಲಿನ ಜಾಗ

ಮೈದಾ ಹಿಟ್ಟಿನ ಅಂಟು ಕುದಿಯೋ ವಾಸನಿ ಬಂದ್ರ ಸಾಕು ನೋಡ್ರಿ, ಇವತ್ತಿಗೂ ನನ್ನ ಹೊಟ್ಟಿ ಉರೀತದ. ನಾಶಿಕದ ನಮ್ಮ ಬಾಡಿಗಿ ಮನ್ಯಾಗ ರವಿವಾರ ಬಂತಂದ್ರ ಇದೇ ವಾಸನಿ. ಅಪ್ಪ ಬೀದರ ಕಡಿಯಾಂವ, ಬ್ಯಾಂಕಿನ ನೌಕರಿ, ವರ್ಗಾ ಆಗಿ ಇಲ್ಲಿ ಬಂದಿದ್ದ. ಯಾವದೋ ಹಳೇ ಕ್ಯಾಲೆಂಡರಿನ್ಯಾಗ ಅವಗ ಒಂದು ಚಿತ್ರ ಸಿಕ್ಕಿತ್ತು. ಐನೂರು ವರ್ಷದ ಹಿಂದ ಇಟಲಿಯ ಗಡ್ಡದ ಚಿತ್ರಗಾರನೊಬ್ಬ ಬರೆದ ಹಾರೋ ಯಂತ್ರ: ಬಾವಲಿಯಂಥ ರೆಕ್ಕಿ, ನಡುವ ಕೈಕಾಲು ಆಡಿಸೋ ಮನುಷ್ಯಾ. ಸಿಕ್ಕಿದ್ದೇ ತಡ, ಅಪ್ಪ ಅವನ ಪಾಲಾದ. ನಿಫಾಡದ ದ್ರಾಕ್ಷಿ ತೋಟದಿಂದ ಬಿದಿರು ತಂದು ಸೀಳಿದ, ಅವ್ವನ ಹಳೇ ಇಳಕಲ್ ಸೀರಿ ಹರಿದು ಅಂಟಿಸಿದ. "ಆ ಗಡ್ಡದಾಂವ ನನ್ನ ಸವತಿ ಆಗ್ಯಾನ ನೋಡವಾ," ಅಂತ ಅವ್ವ ನಗತಿದ್ಲು. ನನಗ ಎಲ್ಲಿ ನಗು ಬರಬೇಕು? ರವಿವಾರ ಅಪ್ಪನ ತೊಡಿ ನಂದಿತ್ತಲ್ಲ!

ಈಗಿನ ಸಂಭಾಜಿನಗರ, ಆಗಿನ ಔರಂಗಾಬಾದಿಗೆ ವರ್ಗಾ ಆದಾಗ ಅಪ್ಪ ಸಾಮಾನಿನ ಲಾರ್ಯಾಗ ಡ್ರೈವರನ ಪಕ್ಕ ಕೂತ, ತೊಡಿ ಮ್ಯಾಲೆ ರೆಕ್ಕಿ. ನಾನು ಏರಲಿಕ್ಕೆ ಹೋದ್ರ, "ಹಿಂದ ಅವ್ವನ ಬಾಜೂಕ ಕೂಡ ನನ್ನವ್ವಾ, ರೆಕ್ಕಿ ಮುರೀತದ," ಅಂದ. ದಾರಿಯುದ್ದಕ್ಕೂ ಅತ್ತೆ. ಅವ್ವ ದೌಲತಾಬಾದಿನ ಕಿಲ್ಲಾ ತೋರಿಸಿದ್ರೂ ತಲಿ ಎತ್ತಲಿಲ್ಲ.

ಅಲ್ಲಿ ವಿಮಾನ ನಿಲ್ದಾಣದ ಬಾಜೂಕಿನ ಚಿಕಲಠಾಣಾದ ಹೊಸ ಮನಿ ಮ್ಯಾಲೆ ಸಂಜೀಕ ವಿಮಾನ ಹಾದು ಹೋಗತಿತ್ತು. "ಪಾಪ, ಆ ಇಟಲಿಯಾಂವ ಇದನ್ನ ನೋಡಿದ್ರ ಹೊಟ್ಟಿಕಿಚ್ಚಿಗೇ ಸಾಯತಿದ್ದ," ಅಂತ ಅಪ್ಪ ಮರಗತಿದ್ದ. ನಾ ಇಲ್ಲಿ ಸಾಯಲಿಕ್ಕೆ ಹತ್ತಿದ್ದು ಅವಗ ಕಾಣಸ್ತಿರಲಿಲ್ಲ. ಸಂಕ್ರಾಂತಿ ದಿನ ಊರೆಲ್ಲ ದಾರ ಹಿಡಿದು ಪತಂಗ ಹಾರಿಸೋ ಹೊತ್ತಿನ್ಯಾಗ ಅಪ್ಪ ಗಚ್ಚಿ ಏರಿ ಮ್ಯಾಲಿಂದ ತನ್ನ ರೆಕ್ಕಿ ತೂರಿದ. ಅದು ಮೂಗು ಕೆಳಗ ಮಾಡಿ ಪೇರಲ ಗಿಡಕ್ಕ ಬಿದ್ದು ಚಿಂದಿ ಆತು. ನನಗಾದ ಖುಷಿ ಏನ್ ಹೇಳಲಿ! ಅಪ್ಪ ಅಲ್ಲೇ ಕುಸಿದು ಕೂತ, ನಾ ಓಡಿ ಹೋಗಿ ಅವನ ತೊಡಿ ಏರಿದೆ. ತಬ್ಬಿಕೊಂಡ. ಸ್ವಲ್ಪ ಹೊತ್ತಿಗೆ ಬೆನ್ನ ಮ್ಯಾಲೆ ಅವನ ಬೆರಳು ಮೆಲ್ಲಕ ಹರಿದಾಡಿತು, ಕಣ್ಣು ಮುಚ್ಚಿ ಸುಖಪಟ್ಟೆ. ಆಮ್ಯಾಲೆ ತಿಳೀತು, ಅಂವ ನನ್ನ ಬೆನ್ನ ಮ್ಯಾಲೆ ಮುಂದಿನ ರೆಕ್ಕಿ ಬರೀಲಿಕ್ಕೆ ಹತ್ತಿದ್ದ.

ಈಗ ಆ ಗಚ್ಚಿ ಇಲ್ಲ, ಪೇರಲ ಗಿಡ ಇಲ್ಲ, ಅವ್ವನೂ ಇಲ್ಲ. ಅಪ್ಪ ಹೋಗಿದ್ದು ನಾ ಕಾಲೇಜು ಸೇರಿದ ವರ್ಷ. ನಮ್ಮ ಮಂದ್ಯಾಗ ಸುಡೂದಿಲ್ಲ, ಕೂಡಿಸಿ ಮಣ್ಣು ಕೊಡ್ತಾರ. ಕುಣಿಯೊಳಗ ಕೂತ ಅಪ್ಪನ ಕೈಯಾಗ ಲಿಂಗ ಇಟ್ಟ ಮ್ಯಾಲೆ ಅವ್ವ ಸೆರಗಿನ್ಯಾಗಿಂದ ಮಡಚಿದ ಆ ಕ್ಯಾಲೆಂಡರ್ ಚಿತ್ರ ತೆಗೆದ್ಲು. "ಸವತಿನೂ ಸಂಗಡ ಹೋಗಲಿ," ಅಂತ ಅದನ್ನ ಅವನ ತೊಡಿ ಮ್ಯಾಲೆ ಇಡಿಸಿದ್ಲು. ಎಲ್ಲಾರೂ ಅಪ್ಪ ಹೋದ ಅಂತ ಅಳತಿದ್ರು. ನಾನೂ ಅತ್ತೆ ಖರೇ, ಕಡೀಕೂ ಆ ತೊಡಿ ಆ ಗಡ್ಡದಾಂವಗೇ ಸಿಕ್ತಲ್ಲಾ ಅಂತ.