ಏಕಪಕ್ಷೀಯ ತೀರ್ಪು

ಹರಿಹರದ ಕೋರ್ಟಿನಲ್ಲಿ ನಾನು ತೀರ್ಪು ಜಾರಿಮಾಡುವ ಅಮೀನನಾಗಿದ್ದೆ. ಒಮ್ಮೆ ಕೊಂಡಜ್ಜಿ ಎಂಬ ಹಳ್ಳಿಯ ವಿಧವೆಯೊಬ್ಬರ ಮನೆಯನ್ನು ಅವರ ಭಾವನ ವಶಕ್ಕೆ ಕೊಡಿಸಲು ಸೈಕಲ್ ತುಳಿದು ಹೋದೆ.

"ಏಕಪಕ್ಷೀಯ ತೀರ್ಪು ಅಂದ್ರೇನ್ರಿ?" ಎಂದು ಆಕೆ ಬಾಗಿಲಲ್ಲೇ ಕೇಳಿದರು.

"ನೀವು ಕೋರ್ಟಿಗೆ ಬರ್ಲಿಲ್ಲ. ಅವ್ರು ಹೇಳಿದ್ದಷ್ಟೇ ಕೇಳಿ ತೀರ್ಪು ಕೊಟ್ಟಾರೆ."

"ಭಾವನೋರ ಎದುರಿಗೆ ನಿಂತು ಹೆಂಗೆ ಮಾತಾಡ್ಲಿ? ಮದ್ವೆಯಾಗಿ ಬಂದಾಗಿಂದ ಅವ್ರ ಮುಂದೆ ಬಾಯಿ ಬಿಟ್ಟಿಲ್ಲ."

ಆ ಮರ್ಯಾದೆಯನ್ನು ಕಾನೂನು ಗೈರುಹಾಜರಿ ಎನ್ನುತ್ತದೆ.

ಭಾವ ದೂರದ ಬೇವಿನ ಮರದಡಿ ಕಾಯುತ್ತಿದ್ದರು. ಆಕೆ ಸೆರಗು ಸರಿಮಾಡಿಕೊಂಡು, "ಈಗ ಅವ್ರು ಎದುರಿಗಿಲ್ಲ. ಹೇಳ್ತೀನಿ, ಬರ್ಕೊಳ್ರಿ. ಈ ಮನಿ ಕಟ್ಸಿಕೊಟ್ಟಿದ್ದು ನಮ್ಮಪ್ಪ," ಎಂದು ಶುರುಮಾಡಿದರು.

ಕೊನೆಯವರೆಗೂ ಕೇಳಿದೆ. ಒಂದು ಮಾತೂ ಸುಳ್ಳೆನಿಸಲಿಲ್ಲ. ಆದರೆ ಮೈಸೂರು ಸರ್ಕಾರ ನನಗೆ ಸಂಬಳ ಕೊಡುತ್ತಿದ್ದದ್ದು ಬರೆದುಕೊಳ್ಳುವುದಕ್ಕಲ್ಲ, ಬೀಗ ಹಾಕುವುದಕ್ಕೆ.